ಕಿವಿ ಮುರಿದ ವಿದ್ಯಾರ್ಥಿ

ಸ್ಮರಣ ಸಂಚಿಕೆಗೆ ಕಾಲೇಜಿನ ದಿನಗಳ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ನನ್ನ ಜೊತೆ ಓದಿದವರಿಗೆ ನನ್ನ ಹೆಸರು ಮರೆತಿರಬಹುದು, ಕಿವಿಗಳು ಮರೆತಿರಲಾರವು. ಕಜ್ಜಾಯದಂತೆ ಊದಿದ ಎರಡು ಕಿವಿ ಹೊತ್ತು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯನಾಗಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದವನು ನಾನು. ಪಿಯುಸಿ ಮುಗಿಸಿದವನು ನೇರವಾಗಿ ಬಿ.ಎ.ಗೆ ಬಂದಿರಲಿಲ್ಲ. ನಡುವಿನ ಕಾಲವನ್ನು ಕೊಲ್ಹಾಪುರದ ಹಳೇ ಪೇಟೆಯ ಒಂದು ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಕಳೆದಿದ್ದೆ.

ಚಿಕ್ಕೋಡಿ ಸೀಮೆಯ ಹುಡುಗನೊಬ್ಬ ಕುಸ್ತಿ ಕಲಿಯಲು ಕೊಲ್ಹಾಪುರಕ್ಕೆ ಹೋದ ಎಂದರೆ ಆಗ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಮ್ಮದೇ ತಾಲ್ಲೂಕಿನ ಎಕ್ಸಂಬಾದ ಶ್ರೀಪತಿ ಖಂಚನಾಳೆ ಹಾಗೆಯೇ ಹೋಗಿ 1959ರಲ್ಲಿ ಹಿಂದ್ ಕೇಸರಿ ಎಂಬ ರಾಷ್ಟ್ರಮಟ್ಟದ ಕುಸ್ತಿ ಬಿರುದು ಗೆದ್ದಿದ್ದರು. ಮನೆಯಲ್ಲಿ ಎಮ್ಮೆ ಇದ್ದು, ಮಗನ ತೋಳು ಸ್ವಲ್ಪ ದಪ್ಪವಿದ್ದರೆ ಸಾಕು, ಅಪ್ಪಂದಿರ ಕಣ್ಣಿಗೆ ಖಂಚನಾಳೆಯವರೇ ಕಾಣುತ್ತಿದ್ದರು. ನನ್ನ ಅಪ್ಪನೂ ಅದಕ್ಕೆ ಹೊರತಲ್ಲ. ಇನ್ನು ಕೊಲ್ಹಾಪುರವಂತೂ ಶಾಹು ಮಹಾರಾಜರು ಕುಸ್ತಿಗೆಂದೇ ಬೆಳೆಸಿದ ಊರು. ಅವರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಿಂದ ಅಲ್ಲಿದೆ. ನಡುವೆ ಕೆಂಪು ಮಣ್ಣಿನ ಕಣ, ಸುತ್ತ ಏರುತ್ತ ಹೋಗುವ ಮೆಟ್ಟಿಲು. ಎಲ್ಲಿ ಕುಳಿತರೂ ಜಟ್ಟಿಗಳ ಕಾಲ್ಬೆರಳು ಕಾಣಬೇಕು, ಹಾಗೆ ಕಟ್ಟಿದ್ದಾರೆ.

ತಾಲೀಮಿನಲ್ಲಿ ಬೆಳಗಿನ ನಾಲ್ಕಕ್ಕೆ ದಿನ ಶುರು. ಹೊಸಬರಿಗೆ ಮೊದಲು ಸಿಗುತ್ತಿದ್ದದ್ದು ಪಟ್ಟುಗಳಲ್ಲ, ಸಲಿಕೆ. ಹಿಂದಿನ ದಿನ ತುಳಿದು ಗಟ್ಟಿಯಾದ ಕಣವನ್ನು ಅಗೆದು, ಹೆಂಟೆ ಒಡೆದು, ಕಲ್ಲು ಹರಳು ಆರಿಸಿ, ಅಂಗೈಯಲ್ಲಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವ ಹಾಗೆ ಮಾಡಬೇಕು. ಆಗಾಗ ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಬೆರೆಸುತ್ತಿದ್ದೆವು. ಮೈ ಉಜ್ಜಿದರೆ ಗಾಯವಾಗಬಾರದು, ಆದ ಗಾಯ ಕೀವಾಗಬಾರದು, ಧೂಳು ಎದ್ದು ಮೂಗಿಗೆ ಹೋಗಬಾರದು ಎಂಬುದು ಅದರ ಲೆಕ್ಕ. ಅಗೆಯುವಾಗ ಗೊಣಗುತ್ತಿದ್ದೆ. ಆದರೆ ಸೊಂಟ, ಹೆಗಲು, ಮುಂಗೈ ಮೂರೂ ಒಟ್ಟಿಗೆ ಬಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನು ಇಂದಿಗೂ ಕಂಡಿಲ್ಲ. ಆಮೇಲೆ ಹನುಮಂತನಿಗೆ ಕೈಮುಗಿದು ಜೋರು ಎಂಬ ದಂಡ, ಬೈಠಕು ಎಂಬ ಬಸ್ಕಿ. ನೂರರ ಲೆಕ್ಕದಲ್ಲಿ ಹೊಡೆಯಬೇಕು. ನೆಲದ ಮೇಲೆ ಬೆವರಿನ ಆಕಾರ ಮೂಡುವವರೆಗೆ ಕುಸ್ತಿ ಕಲಿಸುವ ವಸ್ತಾದರು ತಲೆ ಎತ್ತಿ ನೋಡುತ್ತಿರಲಿಲ್ಲ.

ನಿಜವಾದ ಪರೀಕ್ಷೆ ಕಣದೊಳಗೆ. ಒಬ್ಬ ಹುಡುಗನನ್ನು ನಡುವೆ ನಿಲ್ಲಿಸಿ, ಒಬ್ಬರಾದ ಮೇಲೊಬ್ಬರಂತೆ ದಣಿಯದ ಜೋಡಿಗಳನ್ನು ಅವನ ಮೇಲೆ ಬಿಡುತ್ತಿದ್ದರು. ಬರುವವನು ಹೊಸಬ, ನಿಂತವನು ಮಾತ್ರ ಅವನೇ. ಮೂರನೆಯವನ ಹೊತ್ತಿಗೆ ಕಲಾಜಂಗ್, ಢಾಕ್, ಧೋಬಿ ಪಛಾಡ್ ಎಂಬ ಪಟ್ಟುಗಳೆಲ್ಲವೂ ಮರೆತು, ಉಸಿರೊಂದೇ ನೆನಪಿರುತ್ತಿತ್ತು. ಬಿದ್ದವನ ಕುತ್ತಿಗೆಯ ಮೇಲೆ ಮೊಣಕೈ ಊರಿ ತಿರುವುತ್ತಿದ್ದರು. ನನ್ನ ಕಿವಿಗಳು ಹೋದದ್ದು ಹಾಗೆಯೇ. ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿ, ಅದು ಹಾಗೇ ಗಟ್ಟಿಯಾಗುತ್ತದೆ. ಪೈಲ್ವಾನನಿಗೆ ಅದು ಬಿರುದು. ಹೆಣ್ಣು ನೋಡಲು ಹೋದಾಗ ಅಷ್ಟೇನೂ ಅಲ್ಲ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ದಣಿದ ಮೇಲೂ ಕಾಲು ಊರಿ ನಿಲ್ಲುವುದು ಕುಸ್ತಿಯ ಅರ್ಧ ವಿದ್ಯೆ, ಅದು ದಣಿಯದೆ ಬರುವುದಿಲ್ಲ. ತಕರಾರಿರುವುದು ಉಳಿದದ್ದಕ್ಕೆ. ತಾಲೀಮು ನಡೆಯುವಾಗ ನೀರು ಕುಡಿಯುವಂತಿರಲಿಲ್ಲ. ಕೇಳಿದರೆ, ನಾವು ಕುಡಿದಿದ್ದೇವೆಯೇ ಎಂಬ ಉತ್ತರ. ಮೊಣಕಾಲು ಬಾತಿದ್ದರೂ ಬೈಠಕು ತಪ್ಪದು. ಮಧ್ಯಾಹ್ನ ಕಣ್ಣು ಮುಚ್ಚುವ ಹೊತ್ತಿಗೆ ಹಿರಿಯರ ತೊಡೆ ತಿಕ್ಕಬೇಕು. ಕೈ ಸಡಿಲವಾದರೆ ಒದೆ. ಇವುಗಳಲ್ಲಿ ಯಾವುದೂ ಒಬ್ಬನನ್ನೂ ಒಳ್ಳೆಯ ಜಟ್ಟಿಯನ್ನಾಗಿ ಮಾಡಿದ್ದನ್ನು ನಾನು ನೋಡಲಿಲ್ಲ. ಊರಿಗೆ ವಾಪಸು ಓಡಿಹೋದವರನ್ನು ನೋಡಿದೆ. ಅವರಲ್ಲಿ ನನಗಿಂತ ಚೆನ್ನಾಗಿ ಹಿಡಿಯುವವರೂ ಇದ್ದರು.

ಖುರಾಕಿನ, ಅಂದರೆ ಪೈಲ್ವಾನರ ಆಹಾರದ, ಮಾತು ಬೇರೆ. ಬಾದಾಮಿ, ಗಸಗಸೆ, ಮೆಣಸು, ಏಲಕ್ಕಿಯನ್ನು ದೊಡ್ಡ ಮಣ್ಣಿನ ಕುಂಡದಲ್ಲಿ ಹಾಕಿ, ಆಳೆತ್ತರದ ಕೋಲಿನಿಂದ ಅರೆದು ಹಾಲಿಗೆ ಕಲಸುವ ಥಂಡಾಯಿಯ ರುಚಿಯನ್ನು ನಾನು ಆಮೇಲೆ ಎಲ್ಲಿಯೂ ಪಡೆಯಲಿಲ್ಲ. ಅರೆಯುವುದೇ ಇನ್ನೊಂದು ತಾಲೀಮಾಗಿತ್ತು ಎನ್ನಿ. ರೊಟ್ಟಿಯನ್ನು ನಾವೇ ಬಡಿಯುತ್ತಿದ್ದೆವು, ತುಪ್ಪ ಊರಿನಿಂದ ಡಬ್ಬಿಯಲ್ಲಿ ಬರುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಲ್ಲರ ಊಟ, ಅಭ್ಯಾಸದ ಬಗ್ಗೆ ವಿವರವಾಗಿ ಬರೆದಿದ್ದಾನೆಂದು ನಮ್ಮ ಇತಿಹಾಸದ ಮೇಷ್ಟ್ರು ಹೇಳಿದಾಗ, ಇಡೀ ಮೂರು ವರ್ಷದಲ್ಲಿ ನಾನು ಕಿವಿ ನಿಮಿರಿಸಿ ಕೇಳಿದ ಪಾಠ ಅದೊಂದೇ. ಆ ಮಲ್ಲರಿಗೆ ರಾಜನ ಉಗ್ರಾಣವಿತ್ತು. ನಮಗೆ ಅಪ್ಪನ ಎಮ್ಮೆ, ಅದು ಬತ್ತಿದಾಗ ಸಾಲ. ಸಾಲ ತೀರಬೇಕಾದರೆ ಜಾತ್ರೆಯ ಕುಸ್ತಿ ಹಿಡಿಯಬೇಕು. ಜೋಡಿ ಕಟ್ಟುವ ಪಂಚರ ಮುಂದೆ ಅಂಗಿ ಬಿಚ್ಚಿ ನಿಂತು ಇನಾಮಿನ ಮೊತ್ತ ಒಪ್ಪಿಕೊಳ್ಳುವುದು, ಹಲಗೆ ವಾದ್ಯದ ಬಡಿತಕ್ಕೆ ಕಣಕ್ಕಿಳಿಯುವುದು, ಗೆದ್ದ ಹಣವನ್ನು ಅಂಗಡಿಯ ಬಾದಾಮಿ ಬಾಕಿಗೆ ಕೊಟ್ಟು ಬರುವುದು. ವೃತ್ತಿ ಪೈಲ್ವಾನನ ಬದುಕೆಂದರೆ ಹೆಚ್ಚುಕಡಿಮೆ ಇಷ್ಟೇ. ಅಪ್ಪನಿಗೂ ಅದು ಅರ್ಥವಾಯಿತು, ನಾನು ಕಾಲೇಜಿಗೆ ಬಂದೆ.

ಇಲ್ಲಿ ಸಿಕ್ಕ ದೈಹಿಕ ಶಿಕ್ಷಣ ನಿರ್ದೇಶಕರು ಮೊದಲ ದಿನವೇ ಒಂದು ಕೊಡ ನೀರನ್ನು ಕೊಠಡಿಯ ಮೂಲೆಯಲ್ಲಿಟ್ಟು, ಬೇಕಾದಾಗ ಕುಡಿ ಎಂದರು. ನಾನು ಅದನ್ನು ಮುಟ್ಟಲು ವಾರವೇ ಹಿಡಿಯಿತು. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಪಂದ್ಯಗಳು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಬೆನ್ನು ಹಚ್ಚಿ ಚಿತ್ ಮಾಡಿದರಷ್ಟೇ ಗೆಲುವು, ಅದಕ್ಕೆ ಎಷ್ಟು ಹೊತ್ತಾದರೂ ಕಾಯಬಹುದು. ಮ್ಯಾಟಿನಲ್ಲಿ ಕೆಲವೇ ನಿಮಿಷ, ಅಂಕಗಳ ಆಟ. ನಾನು ಹೊಂಚು ಹಾಕುತ್ತಿರುವಾಗಲೇ ಎದುರಾಳಿಗಳು ನನ್ನ ಕಾಲು ಕಿತ್ತು ಅಂಕ ಎಣಿಸಿಕೊಳ್ಳುತ್ತಿದ್ದರು.

1984ರ ಆಗಸ್ಟ್‌ನಲ್ಲಿ ಕುಸ್ತಿಪಟು ಖಾಶಾಬಾ ಜಾಧವ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ನಾನಿನ್ನೂ ಇಲ್ಲಿ ಓದುತ್ತಿದ್ದೆ. ಸುದ್ದಿ ತಿಳಿದ ನಮ್ಮ ಪ್ರಾಂಶುಪಾಲರು ನನ್ನನ್ನು ಕರೆಸಿ ಕೂರಿಸಿಕೊಂಡು ಹೇಳಿದ್ದು, 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಜಾಧವರ ಬಗ್ಗೆ ಅಷ್ಟಾಗಿ ಅಲ್ಲ. ಅವರು ಓದಿದ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರ ಬಗ್ಗೆ. ಹಳೆಯ ಶಿಷ್ಯನ ಪ್ರಯಾಣಕ್ಕೆಂದು ಅವರು ತಮ್ಮ ಮನೆಯನ್ನೇ ಒತ್ತೆ ಇಟ್ಟು 7,000 ರೂಪಾಯಿ ಹೊಂದಿಸಿದ್ದರು. ಕಥೆ ಮುಗಿಸಿ ನಮ್ಮವರು ನಕ್ಕರು: "ನನ್ನದು ಬಾಡಿಗೆ ಮನೆಯಪ್ಪಾ." ಆದರೂ ಆ ವರ್ಷವೇ ಹೊಸ ಮ್ಯಾಟು ಬಂತು. ಹಣ ಎಲ್ಲಿಂದ ಬಂತೆಂದು ಯಾರೂ ಹೇಳಲಿಲ್ಲ.

ಕಳೆದ ಬಾರಿ ಬಂದಾಗ ನೋಡಿದೆ, ಅದೇ ಮ್ಯಾಟು ಎರಡು ಕಡೆ ಹರಿದು ಹಗ್ಗದಲ್ಲಿ ಹೊಲಿಸಿಕೊಂಡು ಇನ್ನೂ ಕೆಲಸ ಮಾಡುತ್ತಿದೆ. ಹಳೆಯ ವಿದ್ಯಾರ್ಥಿಗಳ ಸಂಘ ಹೊಸದಕ್ಕೆ ಚಂದಾ ಎತ್ತುವುದಾದರೆ ಮೊದಲ ರಸೀದಿ ನನ್ನ ಹೆಸರಿಗೆ ಬರೆಯಿರಿ. ಹಳೆಯದನ್ನು ಎಸೆಯಬೇಡಿ, ನಮ್ಮೂರಿನ ಗರಡಿಯ ಹುಡುಗರು ಅದನ್ನು ಕೇಳುತ್ತಿದ್ದಾರೆ. ಸಾಗಿಸುವ ಟ್ರ್ಯಾಕ್ಟರ್ ನನ್ನದೇ.