ಬಿಟ್ಟಿದ್ದಾರೆ ಅಂದೆ, ಎಲ್ಲಿಗೆ ಅಂತ ನೋಡಲಿಲ್ಲ

ಗೊರೂರಿನ ಹೇಮಾವತಿ ಜಲಾಶಯದ ದಿನದ ಲೆಕ್ಕ ಟೈಪ್ ಮಾಡುವುದು ನನ್ನ ಕೆಲಸ. ಹಾಸನದ ಒಂದು ಕಚೇರಿಯಲ್ಲಿ ಗುತ್ತಿಗೆ ನೌಕರಿ. ಬೆಳಿಗ್ಗೆ ಅಣೆಕಟ್ಟಿನ ಕಡೆಯಿಂದ ಫೋನ್ ಬರುತ್ತದೆ. ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. 'ಗರಿಷ್ಠ 2,922 ಅಡಿ, 37.10 ಟಿಎಂಸಿ' ಅನ್ನುವ ಸಾಲು ಯಾವತ್ತೂ ಬದಲಾಗುವುದಿಲ್ಲ. ಉಳಿದ ಅಂಕಿ ತುಂಬಿ ವಾಟ್ಸಾಪಿಗೆ ಹಾಕಿದರೆ ಮುಗೀತು.

ಮಳೆ ಕೈಕೊಟ್ಟ ಒಂದು ವರ್ಷ, ಅರಕಲಗೂಡು ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. "ನೀರು ಬಿಟ್ಟವ್ರೇನಪ್ಪಾ?" ಹೊರಹರಿವಿನ ಸಾಲಲ್ಲಿ ಸಾವಿರ ಕ್ಯುಸೆಕ್ ಮೇಲಿತ್ತು. "ಬಿಟ್ಟಿದ್ದಾರೆ ಯಜಮಾನ್ರೇ" ಅಂದೆ.

ಬಿಟ್ಟಿದ್ದು ಹೊಳೆಗೆ. ಅವರ ನಾಲೆಗೆ ಸೊನ್ನೆ. ಪಕ್ಕದ ಕಾಲಂನಲ್ಲೇ ಇತ್ತು, ನಾನು ಸುಮ್ನೆ ಮೊತ್ತ ಓದಿದ್ದೆ.

ಮೂರು ವಾರದ ಮೇಲೆ ಇಂಜಿನಿಯರ್ ಜೊತೆ ಜೀಪಿನಲ್ಲಿ ಆ ಕಡೆ ಹೋಗಬೇಕಾಯಿತು. ಭತ್ತದ ಒಟ್ಲು, ಅಂದ್ರೆ ಸಸಿ ಮಡಿ, ಬೆಳ್ಳಗೆ ಒಣಗಿತ್ತು. ಬಿರುಕಿನೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಇಳಿಯಿತು. ಯಜಮಾನರು ನನ್ನ ದನಿಯಲ್ಲೇ ಗುರುತು ಹಿಡಿದರು. ಬೈಯಲಿಲ್ಲ. "ನೀನೇ ಹೇಳಿದ್ಯಲ್ಲಪ್ಪ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಆಮೇಲೆ ಕೇಳಿದರು, "ನಮ್ಮ ಕಣ್ಣೆದುರಿಗೇ ಹೊಳೆ ಹರೀತದೆ, ನಮ್ಗ್ಯಾಕಿಲ್ಲ?"

ಗೇಟು ಗೊರೂರಿನಲ್ಲಿದ್ದರೂ ತೀರ್ಮಾನ ಅಲ್ಲಿಯದಲ್ಲ. ಹೇಮಾವತಿ ಹೋಗಿ ಕಾವೇರಿಗೆ ಸೇರುತ್ತಾಳೆ, ಕೆಆರ್‌ಎಸ್ ತುಂಬುವುದರಲ್ಲಿ ಇವಳ ಪಾಲೂ ಇದೆ. ಮಳೆ ಸರಿಯಾಗಿ ಬಿದ್ದ ವರ್ಷ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರ ಬಿದ್ದ 2023ರಲ್ಲಿ ದಿನಕ್ಕೆ 5,000 ಕ್ಯುಸೆಕ್‌ನಂತೆ 15 ದಿನ ಬಿಡಿ ಅಂತ ದೆಹಲಿಯ ಕಾವೇರಿ ಪ್ರಾಧಿಕಾರದಿಂದ ಆದೇಶ ಬಂದಿತ್ತು. ಲೆಕ್ಕ ಹಾಕಿದರೆ ಸುಮಾರು ಆರೂವರೆ ಟಿಎಂಸಿ. ಇನ್ನು ಎಡದಂಡೆ ನಾಲೆಯ ನೀರು ತುಮಕೂರಿನ ಕಡೆಗೆ. 'ಅಣೆಕಟ್ಟು ನಮ್ದು, ನೀರು ಅವರ್ದು' ಅನ್ನುವುದು ಇಲ್ಲಿನ ಹಳೇ ಗೊಣಗಾಟ. ತುಮಕೂರಿನವರೂ ಕುಡೀಬೇಕಲ್ವಾ, ಅದು ನನಗೂ ಗೊತ್ತು. ಆದರೆ ನಾಲೆಗೆ ನೀರಿಲ್ಲ ಅನ್ನುವುದನ್ನು ಒಟ್ಲು ಹಾಕುವ ಮೊದಲೇ ಹೇಳಬಹುದು. ಅದಕ್ಕೆ ಯಾವ ಕೋರ್ಟೂ ಅಡ್ಡ ಬಂದಿಲ್ಲ.

ಮಾರನೇ ದಿನವೇ ವಾಟ್ಸಾಪಿನ ಲೆಕ್ಕದಲ್ಲಿ ಹೊರಹರಿವನ್ನು 'ಹೊಳೆಗೆ', 'ನಾಲೆಗೆ' ಅಂತ ಎರಡು ಸಾಲು ಮಾಡಿದೆ. ನಮೂನೆ ಬದಲಾಯಿಸಬೇಡ ಅಂದರು ಕಚೇರಿಯವರು. ಎರಡು ತಿಂಗಳು ಬೆನ್ನು ಬಿದ್ದ ಮೇಲೆ ಒಪ್ಪಿದರು.

ಯಜಮಾನರು ಈಗಲೂ ಫೋನ್ ಮಾಡುತ್ತಾರೆ. 'ಬಿಟ್ಟವ್ರಾ' ಅಂತ ಕೇಳುವುದಿಲ್ಲ. "ಎತ್ತಗೆ ಬಿಟ್ಟವ್ರೆ?" ಅಂತಾರೆ.