ಫ್ಲ್ಯಾಪ್ ಆರಿಸುವ ಮುನ್ನ ಅಂಗಿ ಬಿಚ್ಚಿಸಿ ನೋಡಿ

ಎದೆ, ಬೆನ್ನು, ಹೊಟ್ಟೆಯ ಮೇಲಿನ ದೊಡ್ಡ ಗಾಯಕ್ಕೆ ಯಾವ ಫ್ಲ್ಯಾಪ್ (ರಕ್ತನಾಳದ ಸಮೇತ ಎತ್ತಿ ತಂದು ಮುಚ್ಚುವ ಸ್ನಾಯು-ಚರ್ಮದ ತುಂಡು) ಹಾಕಬೇಕು ಅನ್ನೋದನ್ನ ಅರ್ಧಕ್ಕರ್ಧ ಹಳೆಯ ಹೊಲಿಗೆ ಗುರುತೇ ಹೇಳಿಬಿಡುತ್ತದೆ. ಅಥಣಿ, ಜಮಖಂಡಿ, ಇಂಡಿ ಕಡೆಯಿಂದ ಬೆಳಗಾವಿಗೆ ಬರುವ ಎಷ್ಟೋ ಪೇಷಂಟ್‌ಗಳ ಹಿಂದಿನ ಆಪರೇಷನ್ ಮಿರಜ್‌ನಲ್ಲೋ ಸೊಲ್ಲಾಪುರದಲ್ಲೋ ಆಗಿರುತ್ತದೆ, ಕಾಗದಪತ್ರ ಊರಿನ ಟ್ರಂಕ್‌ನಲ್ಲಿರುತ್ತದೆ. ಹಾಗಾಗಿ ಮುಂದೆ, ಹಿಂದೆ, ಎರಡೂ ಕಂಕುಳು ನೋಡದೆ ಪ್ಲಾನ್ ಬರೆಯಬಾರದು.

ಪಕ್ಕೆಯಿಂದ ಬೆನ್ನಿಗೆ ಬಳಸಿ ಹೋದ ಉದ್ದನೆಯ ಗುರುತು ಇದ್ದರೆ ಥೊರಕಾಟಮಿ (ಎದೆಗೂಡು ತೆರೆಯುವ ಆಪರೇಷನ್) ಆಗಿದೆ ಎಂದರ್ಥ. ಆಗ ಬೆನ್ನಿನ ಅಗಲವಾದ ಲ್ಯಾಟಿಸಿಮಸ್ ಸ್ನಾಯು ಅಡ್ಡ ಕತ್ತರಿಸಿಹೋಗಿರಬಹುದು. ಗುರುತಿನ ಕೆಳಗಿನ ಭಾಗವನ್ನು ನಂಬುವಂತಿಲ್ಲ. ಬಲಪಕ್ಕೆಯ ಕೆಳಗೆ ಓರೆ ಗುರುತು ಇದ್ದರೆ ಪಿತ್ತಕೋಶದ ಹಳೆಯ ಆಪರೇಷನ್. ಬಲಗಡೆಯ ರೆಕ್ಟಸ್‌ಗೆ (ಹೊಟ್ಟೆಯ ಮುಂಭಾಗದ ಉದ್ದ ಸ್ನಾಯು) ಮೇಲಿನಿಂದ ಬರುವ ರಕ್ತ ಅಲ್ಲಿಗೇ ನಿಂತಿರುತ್ತದೆ. ಬೈಪಾಸ್ ಆದವರ ಎದೆಮೂಳೆ ಕೀವುಗಟ್ಟಿ ಬಿಚ್ಚಿಕೊಂಡಿದ್ದರೆ, ಎದೆಮೂಳೆಯ ಪಕ್ಕ ಒಳಗೆ ಹರಿಯುವ ಎಡಗಡೆಯ ಇಂಟರ್ನಲ್ ಮ್ಯಾಮರಿ ನಾಳವನ್ನು ಹೃದಯಕ್ಕೆ ಜೋಡಿಸಿದ್ದಾರಾ ಎಂದು ಮೊದಲು ಪತ್ತೆ ಮಾಡಬೇಕು. ಜೋಡಿಸಿದ್ದರೆ ಎಡ ಪೆಕ್ಟೊರಾಲಿಸ್ (ಎದೆಯ ಸ್ನಾಯು) ಅನ್ನು ಪುಟ ಮಗುಚಿದ ಹಾಗೆ ಒಳಕ್ಕೆ ಮಗುಚಲು ಬರುವುದಿಲ್ಲ, ಆ ಬದಿಯ ನಾಳಗಳೇ ಹೋಗಿರುತ್ತವೆ. ಭುಜದ ಕಡೆಯಿಂದ ಬರುವ ಥೊರಾಕೊಅಕ್ರೋಮಿಯಲ್ ನಾಳದ ಮೇಲೆ ಅದನ್ನೇ ಮುಂದಕ್ಕೆ ಸರಿಸಬಹುದು. ಮೇಲಿನ ನಾಳದ ಮೇಲೆ ಎತ್ತುವ ಎಡ ರೆಕ್ಟಸ್ ಕೂಡ ಅಪಾಯವೇ, ಏಕೆಂದರೆ ಅದಕ್ಕೆ ಮೇಲಿನಿಂದ ರಕ್ತ ಕೊಡುವ ಸುಪೀರಿಯರ್ ಎಪಿಗ್ಯಾಸ್ಟ್ರಿಕ್ ನಾಳ ಅದೇ ಮ್ಯಾಮರಿಯ ಮುಂದುವರಿಕೆ. ಬಲ ರೆಕ್ಟಸ್ ಅಥವಾ ಒಮೆಂಟಮ್ (ಹೊಟ್ಟೆಯೊಳಗಿನ ಕೊಬ್ಬಿನ ಪದರ) ಕಡೆ ನೋಡಿ.

ನಮ್ಮ ಭಾಗದಲ್ಲಿ ಸ್ತನ ಕ್ಯಾನ್ಸರ್ ತಡವಾಗಿ, ಚರ್ಮ ಹುಣ್ಣಾದ ಮೇಲೆ ಬರುವುದು ಹೆಚ್ಚು. ಅಷ್ಟು ಚರ್ಮ ತೆಗೆದ ಮೇಲೆ ಎದೆ ಮುಚ್ಚಲು ಲ್ಯಾಟಿಸಿಮಸ್‌ನಷ್ಟು ನಂಬಿಕೆಯ ಫ್ಲ್ಯಾಪ್ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ; ಇಟಲಿಯ ತಾನ್ಸಿನಿ 1906ರಲ್ಲೇ ಇದನ್ನು ಇದೇ ಕೆಲಸಕ್ಕೆ ಬಳಸಿದ್ದರು. ಕಂಕುಳಿನ ಗಂಟು ಮೊದಲೇ ತೆಗೆದಿದ್ದರೆ ಮಾತ್ರ ಒಂದು ಪರೀಕ್ಷೆ ಬಿಡಬಾರದು. ಪೇಷಂಟ್ ಕೈಯನ್ನು ನಿಮ್ಮ ಭುಜದ ಮೇಲಿಟ್ಟು "ಕೆಳಕ್ಕ ಒತ್ರಿ" ಅನ್ನಿ. ಇನ್ನೊಂದು ಕೈಯಿಂದ ಕಂಕುಳಿನ ಹಿಂದಿನ ಮಡಿಕೆ ಹಿಡಿಯಿರಿ. ಸ್ನಾಯು ಬಿಗಿಯಾದರೆ ನರ ಉಳಿದಿದೆ, ಪಕ್ಕದಲ್ಲೇ ಸಾಗುವ, ಈ ಫ್ಲ್ಯಾಪಿಗೆ ಮುಖ್ಯವಾಗಿ ರಕ್ತ ಕೊಡುವ ಥೊರಾಕೊಡಾರ್ಸಲ್ ನಾಳವೂ ಉಳಿದಿರುವ ಸಂಭವ ಹೆಚ್ಚು. ಮೆತ್ತಗೇ ಇದ್ದರೆ ನಾಳದ ಮೇಲೆ ಅನುಮಾನ ಇಟ್ಟುಕೊಂಡು ರಕ್ತದ ಹರಿವು ತೋರಿಸುವ ಡಾಪ್ಲರ್ ಅಥವಾ ಸಿಟಿ ಆಂಜಿಯೋ ಮಾಡಿಸಿ.

ಗುರುತು ಹಾಕುವುದು ಆಪರೇಷನ್‌ನ ಹಿಂದಿನ ದಿನ, ಪೇಷಂಟ್ ನಿಂತಿರುವಾಗ. ಚರ್ಮದ ತುಂಡಿನ ಅಗಲ 7-8 ಸೆಂ.ಮೀ. ಇದ್ದರೆ ಬೆನ್ನು ಸುಲಭವಾಗಿ ಕೂಡುತ್ತದೆ. ಬೆರಳಲ್ಲಿ ಚಿವುಟಿ ನೋಡಿದರೆ ಗೊತ್ತಾಗುತ್ತದೆ. ಟೇಬಲ್ ಮೇಲೆ ಮಗ್ಗುಲಾಗಿ ಮಲಗಿಸಿ, ತೋಳು 90 ಡಿಗ್ರಿ ಮೀರದಂತೆ ಕಟ್ಟಬೇಕು, ಇಲ್ಲದಿದ್ದರೆ ಭುಜದ ನರಜಾಲ ಎಳೆಯುತ್ತದೆ. ಲ್ಯಾಟಿಸಿಮಸ್‌ನ ಮುಂದಿನ ಅಂಚು ಹುಡುಕಿ ಅಡಿಗೆ ಇಳಿಯುವಾಗ, ಪಕ್ಕೆಲುಬಿಗೆ ಅಂಟಿದ ಸೆರಾಟಸ್ ಸ್ನಾಯುವೂ ಜೊತೆಗೇ ಎದ್ದು ಬರುವುದು ಹೊಸಬರ ಕೈಯಲ್ಲಿ ಸಾಮಾನ್ಯ. ಕೆಳಗಿನಿಂದ ಮೇಲಕ್ಕೆ ಎತ್ತುತ್ತಾ ಸೊಂಟ, ಪಕ್ಕೆಲುಬಿನ ಕಡೆಯಿಂದ ಬರುವ ನಾಳಗಳನ್ನು ಒಂದೊಂದಾಗಿ ಕಟ್ಟಿ. ಮುಖ್ಯ ನಾಳ ಕಂಕುಳಿನಿಂದ ಸುಮಾರು 8-10 ಸೆಂ.ಮೀ. ಕೆಳಗೆ, ಸ್ನಾಯುವಿನ ಅಡಿ ಮೈಯಲ್ಲಿ ಒಳಹೋಗುತ್ತದೆ. ಸೆರಾಟಸ್‌ಗೆ ಹೋಗುವ ಕವಲನ್ನು ಅವಸರದಲ್ಲಿ ಕಟ್ಟಬೇಡಿ. ಮೇಲಿನ ನಾಳ ಹಿಂದೆಯೇ ಕತ್ತರಿಸಿದ್ದರೆ, ಆ ಕವಲಿನಿಂದ ಹಿಮ್ಮುಖವಾಗಿ ಬರುವ ರಕ್ತವೇ ಫ್ಲ್ಯಾಪಿನ ಜೀವ.

ಮುಂದಕ್ಕೆ ತರುವ ಸುರಂಗ ಕಂಕುಳಿನ ಹತ್ತಿರ, ನಾಲ್ಕು ಬೆರಳು ಸಲೀಸಾಗಿ ಹೋಗುವಷ್ಟಿರಲಿ. ತೋಳಿನ ಮೂಳೆಗೆ ಅಂಟಿದ ಟೆಂಡನ್ ಪೂರ್ತಿ ಬಿಡಿಸಿದ್ದರೆ ಸ್ನಾಯುವನ್ನು ಎರಡು ಹೊಲಿಗೆಯಿಂದ ಎದೆಗೆ ಕಟ್ಟಿ, ಭಾರವೆಲ್ಲ ನಾಳದ ಮೇಲೆ ಜೋತುಬೀಳಬಾರದು.

ಇನ್ನು ವಾರ್ಡ್. ಮೊದಲ 24 ಗಂಟೆ ಪ್ರತಿ ಗಂಟೆಗೆ ಫ್ಲ್ಯಾಪ್ ನೋಡಬೇಕು. ಕಪ್ಪು ಚರ್ಮದಲ್ಲಿ, ಅದರಲ್ಲೂ ಟ್ಯೂಬ್‌ಲೈಟ್ ಕೆಳಗೆ, ಬಣ್ಣ ಮೋಸ ಮಾಡುತ್ತದೆ. ಒತ್ತಿಬಿಟ್ಟಾಗ 2-3 ಸೆಕೆಂಡಿನಲ್ಲಿ ಬಣ್ಣ ಮರಳಿದರೆ ಸರಿ. ಒಂದು ಸೆಕೆಂಡಿಗೂ ಮುಂಚೆ ಮರಳಿ, ಊದಿಕೊಂಡು, ಸೂಜಿ ಚುಚ್ಚಿದ ಕೂಡಲೇ ಕಪ್ಪು ರಕ್ತ ಜಿನುಗಿದರೆ ವೇನ್ ಕಟ್ಟಿದೆ. ತಣ್ಣಗಾಗಿ, ಚುಚ್ಚಿದರೂ ರಕ್ತ ಬಾರದಿದ್ದರೆ ಆರ್ಟರಿ. ಮೊದಲು ಪಟ್ಟಿ ಸಡಿಲಿಸಿ, ತೋಳಿನ ಸ್ಥಾನ ನೋಡಿ, ಬಿಗಿದ ಹೊಲಿಗೆ ಒಂದೆರಡು ಬಿಚ್ಚಿ. ಅಡಿಯಲ್ಲಿ ರಕ್ತ ಗಡ್ಡೆಕಟ್ಟಿದ್ದರೂ, ಬಿಚ್ಚಿದ ಮೇಲೂ ಸುಧಾರಿಸದಿದ್ದರೂ ರಾತ್ರಿ ಎರಡಕ್ಕಾದರೂ ಆಪರೇಷನ್ ಥಿಯೇಟರ್‌ಗೆ ಒಯ್ಯಬೇಕು. ಬೆಳಗಿನ ರೌಂಡ್ಸ್‌ಗೆ ಕಾಯುವ ವಿಷಯವಲ್ಲ.

ತಂಬಾಕಿನ ಮಾತು ಬೇರೆ ಹೇಳಲೇಬೇಕು. ನಿಪ್ಪಾಣಿಯ ತಂಬಾಕು ಬೆಳೆಯುವ ಸೀಮೆ ನಮ್ಮದು. "ಬೀಡಿ ಸೇದೂದಿಲ್ಲರಿ" ಅಂದವರ ದವಡೆಯಲ್ಲಿ ತಂಬಾಕು-ಸುಣ್ಣ ಇರುತ್ತದೆ. ನಿಕೋಟಿನ್ ಹೇಗೆ ಹೋದರೂ ಸಣ್ಣ ನಾಳ ಕುಗ್ಗುತ್ತದೆ, ಚರ್ಮದ ಅಂಚು ಕಪ್ಪಾಗುತ್ತದೆ. ತುರ್ತಿಲ್ಲದ ಕೇಸ್‌ಗಳಲ್ಲಿ ನಾಲ್ಕು ವಾರ ಮೊದಲೇ ಬಿಡಿಸಿ, ನೋಡಲು ಬರುವವರಿಗೂ ಹೇಳಿ. ಪುಡಿಕೆ ಬರುವುದು ಅವರ ಕಿಸೆಯಿಂದಲೇ.

ಬೆನ್ನಿನ ಡ್ರೇನ್ (ಒಳಗೆ ಸೇರುವ ನೀರು ಹೊರತೆಗೆಯುವ ನಳಿಕೆ) ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆ, ಅದೂ ಎರಡು ದಿನ ಸತತ ಬಂದ ಮೇಲೆ ತೆಗೆಯಿರಿ. ಆ ಮೇಲೂ ನೀರು ತುಂಬುವುದು ಲ್ಯಾಟಿಸಿಮಸ್‌ನಲ್ಲಿ ಮಾಮೂಲು. ಮುಚ್ಚುವಾಗ ಚರ್ಮದಡಿಯ ಪದರವನ್ನು 3-4 ಸೆಂ.ಮೀ.ಗೊಂದರಂತೆ ಕೆಳಗಿನ ಗೋಡೆಗೆ ಹೊಲಿದಿದ್ದರೆ ಕಡಿಮೆಯಾಗುತ್ತದೆ. ತುಂಬಿದರೆ ಓಪಿಡಿಯಲ್ಲೇ ಸ್ಟೆರೈಲ್ ಸಿರಿಂಜ್‌ನಿಂದ ಎಳೆದು, ವಾರ ಬಿಟ್ಟು ಮತ್ತೆ ಕರೆಯಿರಿ. ದೂರದೂರಿನವರಿಗೆ ಇದನ್ನು ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಕನ್ನಡದಲ್ಲೇ ಬರೆದುಕೊಡಿ, ಜೊತೆಗೆ ಯಾವ ಸ್ನಾಯು, ಯಾವ ನಾಳ ಬಳಸಿದ್ದೇವೆ ಅನ್ನೋದನ್ನೂ.