ರಿಟೈರ್ ಆದ ಮೇಲೂ ರಿಜಿಸ್ಟ್ರೇಶನ್ ಯಾಕೆ ಸಿಸ್ಟರ್?

“ರಿಟೈರ್ ಆದ್ರಲ್ಲ ಸಿಸ್ಟರ್, ಮತ್ತೆ ಯಾಕೆ ನರ್ಸಿಂಗ್ ಕೌನ್ಸಿಲ್‌ಗೆ ದುಡ್ಡು ಕಟ್ತೀರಿ? ನೀವೀಗ ಮಾಡೋದು ಫ್ರೀ ಸೇವೆ ತಾನೇ?”

ಹಾಸನದಲ್ಲಿ ನನ್ನನ್ನು ಬಲ್ಲವರೆಲ್ಲ ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ. ಜತೆಗೆ ಕೆಲಸ ಮಾಡಿದವರು ಕೇಳುತ್ತಾರೆ. ಇನ್ನೇನು ರಿಟೈರ್ ಆಗಲಿರುವ ಹುಡುಗಿಯರೂ ಕೇಳುತ್ತಾರೆ (ಮೊಮ್ಮಕ್ಕಳಿದ್ದರೂ ನನಗೆ ಅವರು ಹುಡುಗಿಯರೇ). ನಮ್ಮ ಮನೆಯವರಂತೂ ಫೀಸ್ ಕಟ್ಟುವ ಹೊತ್ತಿಗೆ ಸರಿಯಾಗಿ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನೌಕರಿಯೇ ಬೇರೆ, ರಿಜಿಸ್ಟ್ರೇಶನ್ನೇ ಬೇರೆ. ಸರ್ಕಾರಿ ನೌಕರಿ 60ಕ್ಕೆ ಮುಗಿಯುತ್ತದೆ. ಹಾರ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆಸಿ ಕಳಿಸುತ್ತಾರೆ. ಆದರೆ ರಿಜಿಸ್ಟ್ರೇಶನ್ ಕೊಟ್ಟಿದ್ದು ಆಸ್ಪತ್ರೆ ಅಲ್ಲ. ಅದನ್ನು ಕೊಟ್ಟಿದ್ದು ರಾಜ್ಯದ ನರ್ಸಿಂಗ್ ಕೌನ್ಸಿಲ್, 1961ರ ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ. ನಾವು ರಿಟೈರ್ ಆದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಇಷ್ಟು ವರ್ಷ ದುಡಿದಿದ್ದೇವೆ ಅಂತ ತಾನಾಗಿ ಮುಂದುವರಿಯುವುದೂ ಇಲ್ಲ. ಕೆಎಸ್ಸಾರ್ಟಿಸಿ ಡ್ರೈವರ್ ರಿಟೈರ್ ಆದರೆ ಬಸ್ಸು ಡಿಪೋದಲ್ಲೇ ಉಳಿಯುತ್ತದೆ. ಆಮೇಲೆ ಅವರು ಮಗನ ಕಾರು ಓಡಿಸಬೇಕು ಅಂದರೂ ಡಿಎಲ್ ಚಾಲ್ತಿಯಲ್ಲಿ ಇರಬೇಕು, ಅಲ್ವಾ? ಇದೂ ಹಾಗೇ.

ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ನವೀಕರಣ. ಆ ಐದು ವರ್ಷದಲ್ಲಿ 150 ಗಂಟೆ ಹೊಸದಾಗಿ ಕಲಿತಿರಬೇಕು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ನಿರಂತರ ನರ್ಸಿಂಗ್ ಶಿಕ್ಷಣ, ನಮ್ಮ ಭಾಷೆಯಲ್ಲಿ ಅದು ಸಿಎನ್‌ಇ. ಈ ಗಂಟೆಗಳ ಬಗ್ಗೆ ಗೊಣಗುವವರು ಬಹಳ ಜನ. “ಮೂವತ್ತು ವರ್ಷ ವಾರ್ಡ್ ನೋಡಿದವಳಿಗೆ ಇನ್ನೇನು ಪಾಠ?” ಅನ್ನುತ್ತಾರೆ. ಅವರಿಗೆ ನಾನು ಒಂದೇ ಉದಾಹರಣೆ ಕೊಡುತ್ತೇನೆ. ನಾವು ಓದುವಾಗ ಉಸಿರು ನಿಂತವರಿಗೆ ಮೊದಲು ಗಂಟಲಿನ ದಾರಿ, ಆಮೇಲೆ ಉಸಿರು, ಆಮೇಲೆ ಎದೆ ಅಂತ ಬಾಯಿಪಾಠ ಮಾಡಿದ್ದೆವು. 2010ರಲ್ಲಿ ಆ ಕ್ರಮವೇ ತಿರುಗಿತು. ಈಗ ಮೊದಲು ಎದೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ, 30 ಸಲ ಒತ್ತಿ 2 ಉಸಿರು. ನಾವು ಕಲಿತಿದ್ದು 15ಕ್ಕೆ 2. ದೇವಸ್ಥಾನದ ಜಾತ್ರೆಯಲ್ಲಿ ಯಾರಾದರೂ ಕುಸಿದು ಬಿದ್ದಾಗ “ನಾನು ನರ್ಸು, ದಾರಿ ಬಿಡಿ” ಅಂತ ಮುಂದೆ ಹೋಗುವವರಿಗೆ ಇಷ್ಟು ಗೊತ್ತಿರಬೇಡವೇ?

ಹೊರದೇಶದಲ್ಲಿ ಇರುವವರು ಇನ್ನೊಂದು ಥರ ಕೇಳುತ್ತಾರೆ. ಗೆಳತಿಯ ಮಗಳು ಅಮೆರಿಕದಲ್ಲಿ ನರ್ಸು. “ಆಂಟಿ, ನಿಮ್ಮಲ್ಲಿ ಇನ್‌ಆ್ಯಕ್ಟಿವ್ ಲೈಸೆನ್ಸ್ ಇಲ್ವಾ?” ಅಂದಳು. ಅಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸನ್ನು ಇನ್‌ಆ್ಯಕ್ಟಿವ್ ಮಾಡಿ ಇಟ್ಟುಕೊಳ್ಳಬಹುದು. ಕಲಿಕೆಯ ಗಂಟೆ ತೋರಿಸಬೇಕಾಗಿಲ್ಲ, ಆದರೆ ನರ್ಸ್ ಕೆಲಸ ಮಾಡುವ ಹಾಗೂ ಇಲ್ಲ. ವಾಪಸ್ ಬರಬೇಕು ಅಂದರೆ ಹಿಂದಿನ ಎರಡು ವರ್ಷದೊಳಗೆ 30 ಗಂಟೆ ಕಲಿತದ್ದನ್ನು ತೋರಿಸಬೇಕು. ಟೆಕ್ಸಸ್‌ನಲ್ಲಿ ನಿವೃತ್ತರು ಸಂಬಳವಿಲ್ಲದೆ ಸೇವೆ ಮಾಡಲಿಕ್ಕೆ ಅಂತಲೇ ಬೇರೆ ದರ್ಜೆ ಇದೆ. ಇಂಗ್ಲೆಂಡಿನಲ್ಲಿ ಮೂರು ವರ್ಷಕ್ಕೊಮ್ಮೆ 450 ಗಂಟೆ ಕೆಲಸ, 35 ಗಂಟೆ ಕಲಿಕೆ ತೋರಿಸಬೇಕು. ಅಲ್ಲಿ ನರ್ಸ್ ಆಗಿ ಪುಕ್ಕಟೆ ಮಾಡಿದ ಕೆಲಸವೂ ಆ 450ರ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವುದು ಎರಡೇ: ನವೀಕರಿಸಿದ್ದು, ಅವಧಿ ಮುಗಿದದ್ದು. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಕಮಿಷನ್ ಕಾಯ್ದೆ ಬಂದಿದೆ. ಅದರ ಕೆಳಗಾದರೂ ನಿವೃತ್ತರಿಗೆ ಒಂದು ಸೇವಾ ದರ್ಜೆ ಮಾಡಿದರೆ ಚೆನ್ನಾಗಿತ್ತು ಅಂತ ನನ್ನ ಆಸೆ.

ಟೆಕ್ಸಸ್‌ನವರು ಏನು ಮಾಡಿದ್ದಾರೆ ನೋಡಿ. ಪುಕ್ಕಟೆ ಸೇವೆ ತಾನೇ, ಹಾಗೇ ಮಾಡಿಕೊಳ್ಳಲಿ ಅಂತ ಬಿಟ್ಟಿಲ್ಲ. ಅದಕ್ಕೂ ಒಂದು ಕಾಗದ ಮಾಡಿದ್ದಾರೆ. ನನ್ನ ಉತ್ತರವೂ ಅಷ್ಟೇ. ಸಂಬಳ ಬರುತ್ತದೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ. ಕೈಯಲ್ಲಿ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಸಿರಿಂಜ್ ಹಿಡಿಯುತ್ತೀರಾ? ಹಾಗಾದರೆ ರಿಜಿಸ್ಟ್ರೇಶನ್ ಬೇಕು. ಸುಮ್ನೆ ಮಾತಾಡಿಸುತ್ತೀರಾ, ತೋರಿಸಿಕೊಡುತ್ತೀರಾ? ಬೇಡ.

ಸಿರಿಂಜಿನ ಕಥೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ನರ್ಸ್ ರಿಟೈರ್ ಆಗಿ ಊರಿಗೆ ಬಂದರೆ ಒಂದು ವಾರದೊಳಗೆ ಬಾಗಿಲಿಗೆ ಯಾರಾದರೂ ಬಂದೇ ಬರುತ್ತಾರೆ. ಕೈಯಲ್ಲಿ ಮೆಡಿಕಲ್ ಶಾಪಿನ ಕವರ್. ಒಳಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿನ ಬಾಟಲಿ, ಒಂದು ಸಿರಿಂಜು. “ಡಾಕ್ಟ್ರು ಐದು ದಿನ ಹಾಕಿಸ್ಕೊಳ್ಳಿ ಅಂದಿದಾರೆ ಅಕ್ಕ, ಆಸ್ಪತ್ರೆಗೆ ಹೋಗಿ ಬರೋದೇ ಒಂದು ದಿನ ಆಗುತ್ತೆ.” ಆಲೂರಿನ ಒಳಗಿನ ಹಳ್ಳಿಯಿಂದ, ಸಕಲೇಶಪುರದ ತೋಟದ ಲೈನಿನಿಂದ ಬರುವವರಿಗೆ ಅದು ನಿಜವಾದ ಮಾತೇ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಕಾಯಬೇಕು. ಇನ್ನು ಕೆಲವರು ಚೀಟಿಯೂ ಇಲ್ಲದೆ ಬರುತ್ತಾರೆ. “ಸುಸ್ತು, ಒಂದು ಗ್ಲೂಕೋಸ್ ಹಾಕಿಬಿಡಿ.”

ನಾನು ಹಾಕುವುದಿಲ್ಲ. ಕೊಬ್ಬು ಅಂದುಕೊಂಡವರೂ ಇದ್ದಾರೆ. ಕಾರಣ ಇಷ್ಟೆ. ಮೊದಲ ಡೋಸ್ ಒಗ್ಗಿದ ಔಷಧಿ ಎರಡನೆಯ ಡೋಸಿಗೆ ಒಗ್ಗದೇ ಹೋಗಬಹುದು. ಮೈಯೆಲ್ಲ ದದ್ದು, ತುಟಿ ಊದುವುದು, ಉಸಿರು ಕಟ್ಟುವುದು, ಬಿಪಿ ಇಳಿಯುವುದು, ಎಲ್ಲ ಕೆಲವೇ ನಿಮಿಷದಲ್ಲಿ. ಆಗ ತಕ್ಷಣ ತೊಡೆಗೆ ಅಡ್ರಿನಲಿನ್ ಕೊಡಬೇಕು, ಆಕ್ಸಿಜನ್ ಬೇಕು, ಡಾಕ್ಟರ್ ಬೇಕು. ನನ್ನ ಮನೆಯ ಜಗಲಿಯಲ್ಲಿ ಅದು ಯಾವುದೂ ಇಲ್ಲ. ರಿಜಿಸ್ಟ್ರೇಶನ್ ಇದ್ದರೂ ಇಲ್ಲ. ಮನೆಯ ಒಂದು ಕೋಣೆಯಲ್ಲಿ ಮಂಚ ಹಾಕಿ, ಡ್ರಿಪ್ ಸ್ಟ್ಯಾಂಡ್ ನಿಲ್ಲಿಸಿದರೆ ಅದು ಸೇವೆ ಅಲ್ಲ, ಖಾಸಗಿ ಕ್ಲಿನಿಕ್. ಅದಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಲ್ಲಿ ಬೇರೆಯೇ ನೋಂದಣಿ ಬೇಕು. ಅಲ್ಲಿ ಡಾಕ್ಟರ್ ಇರಬೇಕು.

“ದುಡ್ಡು ತಗೊಂಡಿಲ್ಲ, ಯಾರು ಕೇಸ್ ಹಾಕ್ತಾರೆ?” ಅನ್ನುವುದು ಇನ್ನೊಂದು ಧೈರ್ಯ. ಎಲ್ಲರಿಗೂ ಪುಕ್ಕಟೆ ಕೊಡುವ ಸೇವೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ನಿಜ. ಆದರೆ ನಿರ್ಲಕ್ಷ್ಯದಿಂದ ಜೀವ ಹೋದರೆ ಅದು ಕ್ರಿಮಿನಲ್ ಕೇಸು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡುವಾಗ ಆದರೆ ಎರಡು ವರ್ಷದವರೆಗೆ. ಆ ರಿಯಾಯಿತಿಯಲ್ಲಿ ನರ್ಸ್ ಹೆಸರಿಲ್ಲ. ಇದನ್ನು ಓದಿದ ಮೇಲೂ ಕವರ್ ಹಿಡಿದು ಬಂದವರಿಗೆ ಇಲ್ಲ ಅನ್ನಲು ಸಂಕೋಚ ಆಗುತ್ತದೆಯೇ?

ರಸ್ತೆ ಅಪಘಾತ ಇದಕ್ಕೆ ಸೇರಿದ್ದಲ್ಲ, ಹೆದರಬೇಡಿ. ಶಿರಾಡಿ ಘಾಟಿಯಲ್ಲಿ ಹೋಗುವಾಗ ಎದುರಿಗೆ ಗಾಡಿ ಉರುಳಿದ್ದರೆ ಇಳಿಯಿರಿ, ರಕ್ತ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ರಕ್ಷಣೆ ಕೊಡುತ್ತದೆ. ನರ್ಸ್ ಆಗಿರಲಿ, ಟೀ ಅಂಗಡಿಯವರಾಗಿರಲಿ.

ಆರೋಗ್ಯ ಶಿಬಿರಗಳಿಗೆ ನಾನು ಹೋಗುತ್ತೇನೆ. ಅಲ್ಲಿಗೆ ಹೋಗಲಿಕ್ಕೇ ರಿಜಿಸ್ಟ್ರೇಶನ್ ಉಳಿಸಿಕೊಂಡಿರುವುದು. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಭಾನುವಾರ ನಡೆಯುತ್ತವೆ. ಕರೆಯುವವರನ್ನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಡಾಕ್ಟರ್ ಕೊನೆಯವರೆಗೂ ಇರುತ್ತಾರಾ? ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ? ಎರಡನೆಯದಕ್ಕೆ ಸಾಮಾನ್ಯವಾಗಿ ಮುಖ ಮುಖ ನೋಡಿಕೊಳ್ಳುತ್ತಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಲ್ಲಿ ಶಿಬಿರಗಳೂ ಸೇರಿವೆ. ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಸೂಜಿ, ಹಳದಿ ಚೀಲಕ್ಕೆ ರಕ್ತದ ಹತ್ತಿ. ಶುಗರ್ ನೋಡಿದ ಲ್ಯಾನ್ಸೆಟ್‌ಗಳನ್ನು ಊಟದ ಎಲೆ ಜತೆ ಎಸೆದರೆ ಮಾರನೆಯ ಬೆಳಿಗ್ಗೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಈಗ ರಿಜಿಸ್ಟ್ರೇಶನ್ ಬಿಟ್ಟುಕೊಟ್ಟವರ ವಿಷಯ. ಅವರಿಗೆ ಏನೂ ಉಳಿದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಜ ಹೇಳಬೇಕು ಅಂದರೆ, ನಮ್ಮ ಹಳ್ಳಿಗಳಿಗೆ ಅತಿ ಹೆಚ್ಚು ಬೇಕಾಗಿರುವ ಕೆಲಸಕ್ಕೆ ಸೂಜಿಯೇ ಬೇಡ.

ಲಕ್ವ ಹೊಡೆದು ಮಲಗಿದ ಯಜಮಾನರೊಬ್ಬರ ಮನೆಗೆ ಹೋಗಿದ್ದೆ. ಸೊಸೆ ಪಾಪ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ದಿನಾ ಸ್ನಾನ, ಬೆನ್ನಿಗೆ ತುಂಬ ಪೌಡರು. ಪಕ್ಕಕ್ಕೆ ತಿರುಗಿಸಿ ನೋಡಿದರೆ ಸೊಂಟದ ಕೆಳಗಿನ ಮೂಳೆಯ ಮೇಲೆ ಎಂಟಾಣೆ ಅಗಲದ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟೆ. ಬಿಳಿಚಲಿಲ್ಲ, ಕೆಂಪಾಗಿಯೇ ಉಳಿಯಿತು. ಹಾಸಿಗೆ ಹುಣ್ಣು ಶುರುವಾಗುವುದೇ ಹೀಗೆ. ಚರ್ಮ ಒಡೆದಿರುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ಅದೇ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಬಾರದು, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಬಟ್ಟೆಯ ಸಿಂಬಿ ಮಾಡಿ ಅದರ ಮೇಲೆ ಕೂರಿಸುವುದೂ ತಪ್ಪು, ಸುತ್ತಲಿನ ರಕ್ತದ ಓಡಾಟ ನಿಲ್ಲುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಬೇಕು, ಮೈಯಲ್ಲಿ ಬೆವರಿನ ಪಸೆ ಉಳಿಯದಂತೆ ನೋಡಬೇಕು. ಮೂತ್ರದ ಚೀಲವನ್ನು ಹಾಸಿಗೆಯ ಮೇಲೆ ಅವರ ಪಕ್ಕದಲ್ಲೇ ಮಲಗಿಸಿದ್ದರು, ಕೆಳಗೆ ಬಿದ್ದೀತು ಅಂತ. ಅದು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ವಾಪಸ್ ಹರಿದು ಸೋಂಕಾಗುತ್ತದೆ. ಮಂಚದ ಪಟ್ಟಿಗೆ ತಂತಿಯಲ್ಲಿ ಕಟ್ಟಿ ತೋರಿಸಿದೆ.

ಅಲ್ಲಿ ನಾನು ಚಿಕಿತ್ಸೆ ಏನೂ ಮಾಡಲಿಲ್ಲ. ನೋಡಿದೆ, ಹೇಳಿದೆ, ಅವಳ ಕೈಯಲ್ಲೇ ಮಾಡಿಸಿದೆ. ಇಂಥ ಮನೆಗಳು ಪ್ರತಿ ಊರಲ್ಲೂ ಇವೆ.

ಇನ್ಸುಲಿನ್ ಇನ್ನೊಂದು. ಮನೆಯವರೇ ಹಾಕುತ್ತಾರೆ, ಹಾಕಲಿ. ನಾವು ಒಂದು ಸಲ ಪಕ್ಕದಲ್ಲಿ ಕೂತು ನೋಡಿದರೂ ಸಾಕು. ಬಾಟಲಿಯಲ್ಲಿ 40 ಅಂತಲೂ ಇರುತ್ತದೆ, 100 ಅಂತಲೂ ಇರುತ್ತದೆ, ಒಂದು ಎಂಎಲ್ ಔಷಧಿಯಲ್ಲಿ ಅಷ್ಟು ಯೂನಿಟ್ ಅಂತ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಶುಗರ್ ಇಳಿದು ರಾತ್ರಿ ಪ್ರಜ್ಞೆ ತಪ್ಪಿದವರನ್ನು ಕ್ಯಾಶುವಾಲಿಟಿಯಲ್ಲಿ ನಾವೆಲ್ಲ ನೋಡಿದವರೇ.

ಕೊಪ್ಪದ ಕಡೆ ನನ್ನ ಚಿಕ್ಕಮ್ಮನ ಮಗಳು ಹಳ್ಳಿಯ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಆಗಿ ರಿಟೈರ್ ಆದವಳು. ರಿಜಿಸ್ಟ್ರೇಶನ್ ಬಿಟ್ಟಿದ್ದಾಳೆ. ಅವಳಿಗೆ ಚಳಿಗಾಲ ಬಂತು ಅಂದರೆ ಕೆಲಸ ಶುರು. ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಕಾಡಿಗೆ ಸೊಪ್ಪು, ದರಗು ತರಲು ಹೋಗುವವರಿಗೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅನ್ನುತ್ತಾಳೆ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಉಣುಗು ಹುಡುಕಿ ಅನ್ನುತ್ತಾಳೆ. ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ ಅನ್ನುತ್ತಾಳೆ. ಜ್ವರ, ಮೈಕೈ ನೋವು, ಕಣ್ಣು ಕೆಂಪು ಅಂತ ಯಾರಾದರೂ ಹೇಳಿದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತಾಳೆ. ಆಶಾ ಹೇಳಿದರೆ ಎರಡು ಸಲ ಯೋಚಿಸುವವರು ಇವಳು ಹೇಳಿದರೆ ಎದ್ದು ಹೊರಡುತ್ತಾರೆ. ಅವರ ಮಕ್ಕಳಿಗೆಲ್ಲ ಲಸಿಕೆ ಹಾಕಿದವಳು ಇವಳೇ ತಾನೇ.

ಕೊನೆಗೆ, ಇನ್ನೂ ಸರ್ವಿಸಿನಲ್ಲಿ ಇರುವವರಿಗೆ. ಬಿಡುತ್ತೀರೋ ಇಟ್ಟುಕೊಳ್ಳುತ್ತೀರೋ, ರಿಟೈರ್ ಆಗುವ ಮೊದಲೇ ಕಾಗದ ಸರಿ ಮಾಡಿಕೊಳ್ಳಿ. ಈಗ ರಿಜಿಸ್ಟರ್ ಕಂಪ್ಯೂಟರಿನಲ್ಲಿದೆ, ಆಧಾರ್ ಜತೆ ಹೊಂದಬೇಕು. ನಮ್ಮ ಕಾಲದ ಸರ್ಟಿಫಿಕೇಟಿನಲ್ಲಿ ಅಪ್ಪನ ಇನಿಷಿಯಲ್ಲು, ಆಧಾರಿನಲ್ಲಿ ಗಂಡನ ಹೆಸರು, ಎಸ್‌ಎಸ್‌ಎಲ್‌ಸಿಯಲ್ಲಿ ಬೇರೆಯೇ ಸ್ಪೆಲ್ಲಿಂಗು. ಅಫಿಡವಿಟ್, ದಾಖಲೆ, ಬೆಂಗಳೂರು ಅಂತ ಓಡಾಡಲು ಕಾಲಿನಲ್ಲಿ ಶಕ್ತಿ ಇರುವಾಗಲೇ ಮುಗಿಸಿ. ಅವಧಿ ದಾಟಿ ಬಿಟ್ಟಷ್ಟೂ ಕೆಲಸ ಜಾಸ್ತಿ.

ನಾನು ಮುಂದಿನ ಸಲವೂ ನವೀಕರಿಸುತ್ತೇನೆ. ಆಮೇಲೂ ಅಷ್ಟೇ, ಕನ್ನಡಕ ಹಾಕಿಕೊಂಡು ಸಿರಿಂಜಿನ ಗೆರೆ ಕಾಣುವವರೆಗೆ. ಕಾಣದ ದಿನ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಟೇಬಲ್ಲಿಗೆ ಹೋಗಿ ಕೂರುತ್ತೇನೆ. ಅಲ್ಲೂ ಜನ ಸಾಲುವುದಿಲ್ಲ.